ವಾಸನೆ ತಿಳಿಯುತ್ತಿಲ್ಲವೇ? ಅಲಕ್ಷ್ಯ ಬೇಡ

ಬೆಳಗಿನ ಆರು ಗಂಟೆ. ನಮ್ಮ ಪರಿಚಿತರ ಮನೆಯ ಎಪ್ಪತ್ತೆರಡು ವರ್ಷದ ಅಜ್ಜಿ ಎಂದಿನಂತೆ ಎಲ್ಲರಿಗಿಂತ ಮೊದಲು ಎದ್ದು, ಒಲೆಯ ಮೇಲೆ ಹಾಲಿಟ್ಟು, ಹಜಾರದಲ್ಲಿ ಕುಳಿತು ದೇವರಿಗೆ ಹೂ ಕಟ್ಟುತ್ತಿದ್ದರು. ಹಾಲು ಉಕ್ಕಿ ಬರ್ನರಿನ ಮೇಲೆ ಸುರಿದು ಉರಿ ಆರಿಹೋಯಿತು. ಅನಿಲ ಮಾತ್ರ ಹರಿಯುತ್ತಲೇ ಇತ್ತು. ಅಜ್ಜಿ ಕುಳಿತಿದ್ದುದು ಅಡುಗೆಮನೆಯ ಬಾಗಿಲಿನಿಂದ ಹತ್ತೇ ಅಡಿ ದೂರದಲ್ಲಿ. ಅವರಿಗೆ ಏನೂ ತಿಳಿಯಲಿಲ್ಲ. ಹೂ ಕಟ್ಟಿ ಮುಗಿಸಿ, ದೇವರ ಮುಂದೆ ದೀಪ ಹಚ್ಚಲು ಬೆಂಕಿಪೊಟ್ಟಣ ಕೈಗೆತ್ತಿಕೊಂಡರು. ಅಷ್ಟರಲ್ಲಿ ಮಹಡಿಯಿಂದ ಇಳಿಯುತ್ತಿದ್ದ ಸೊಸೆ ಮೆಟ್ಟಿಲ ಮೇಲಿಂದಲೇ ‘ಅತ್ತೆ, ಬೇಡಿ ಬೇಡಿ, ಕಡ್ಡಿ ಗೀರಬೇಡಿ! ಗ್ಯಾಸ್ ವಾಸನೆ!’ ಎಂದು ಕೂಗಿಕೊಂಡರು.

ಆ ಮನೆಯವರ ಅದೃಷ್ಟ ಚೆನ್ನಾಗಿತ್ತು. ಆಮೇಲೆ ಕುಳಿತು ಯೋಚಿಸಿದಾಗ, ಒಂದು ವರ್ಷದಿಂದಲೇ ಸುಳಿವುಗಳಿದ್ದವು ಎಂಬುದು ಎಲ್ಲರಿಗೂ ಹೊಳೆಯಿತು. ಅಜ್ಜಿಯ ಕೈಯ ಸಾರಿಗೆ ಉಪ್ಪು ಹೆಚ್ಚಾಗತೊಡಗಿತ್ತು. ಕಾಫಿ ಪುಡಿಯ ಅಂಗಡಿಯವನು ಮೋಸ ಮಾಡುತ್ತಿದ್ದಾನೆ ಎಂದು ಅವರು ಗೊಣಗುತ್ತಿದ್ದರು. ‘ಯಾಕೋ ಊಟ ರುಚಿಸುವುದಿಲ್ಲ’ ಎಂದು ತಟ್ಟೆ ಸರಿಸುತ್ತಿದ್ದರು. ಮನೆಯವರು ಅದನ್ನು ವಯಸ್ಸಿನ ಹಟ ಎಂದುಕೊಂಡರು. ಅವರ ಕಣ್ಣಿನ ತಪಾಸಣೆ ಆಗಿತ್ತು, ರಕ್ತದೊತ್ತಡದ ತಪಾಸಣೆ ತಿಂಗಳಿಗೊಮ್ಮೆ ಆಗುತ್ತಿತ್ತು. ಮೂಗಿನ ಬಗ್ಗೆ ಮಾತ್ರ ಯಾರೂ ಕೇಳಿರಲಿಲ್ಲ.

ಕಣ್ಣು ಮಂಜಾದರೆ ಕನ್ನಡಕ ಕೊಳ್ಳುತ್ತೇವೆ, ಕಿವಿ ಮಂದವಾದರೆ ಯಂತ್ರ ಹಾಕಿಸುತ್ತೇವೆ, ಹಲ್ಲು ಬಿದ್ದರೆ ಸೆಟ್ಟು ಕಟ್ಟಿಸುತ್ತೇವೆ. ಪಂಚೇಂದ್ರಿಯಗಳಲ್ಲಿ ನಾವು ಅತ್ಯಂತ ಕಡೆಗಣಿಸುವುದು ಮೂಗನ್ನೇ. ಅದು ಉಸಿರಾಟದ ದಾರಿ ಎಂಬುದಷ್ಟೇ ನಮ್ಮ ನೆನಪಿನಲ್ಲಿರುತ್ತದೆ. ಆದರೆ ಮೂಗು ನಮ್ಮ ಮನೆಯ ಕಾವಲುಗಾರನೂ ಹೌದು, ನಾಲಿಗೆಯ ಜೊತೆಗಾರನೂ ಹೌದು, ಹಳೆಯ ನೆನಪುಗಳ ಬೀಗದ ಕೈಯೂ ಹೌದು. ಅದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ತಿಳಿದರೆ, ಕೆಟ್ಟಾಗ ಗುರುತಿಸುವುದೂ ಸುಲಭವಾಗುತ್ತದೆ.

ವಾಸನೆ ಎಂದರೇನು?

ಮಲ್ಲಿಗೆಯ ದಂಡೆ ಕೋಣೆಯ ಮೂಲೆಯಲ್ಲಿದ್ದರೂ ಪರಿಮಳ ನಮ್ಮನ್ನು ತಲುಪುತ್ತದೆ. ಏಕೆಂದರೆ ಹೂವಿನಿಂದ ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಅಣುಗಳು ಆವಿಯಾಗಿ ಗಾಳಿಯಲ್ಲಿ ತೇಲಿ ಬರುತ್ತವೆ. ಹೀಗೆ ಆವಿಯಾಗಬಲ್ಲ ವಸ್ತುವಿಗೆ ಮಾತ್ರ ವಾಸನೆ ಇರಲು ಸಾಧ್ಯ. ಸಕ್ಕರೆ, ಉಪ್ಪು, ಗಾಜು ಇವುಗಳ ಅಣುಗಳು ಸಾಮಾನ್ಯ ಉಷ್ಣತೆಯಲ್ಲಿ ಮೇಲೇಳುವುದಿಲ್ಲ, ಆದ್ದರಿಂದ ಅವಕ್ಕೆ ವಾಸನೆಯಿಲ್ಲ. ತಣ್ಣಗಿನ ಸಾರಿಗಿಂತ ಬಿಸಿ ಸಾರು ಹೆಚ್ಚು ಘಮಘಮಿಸುವುದೂ ಇದೇ ಕಾರಣಕ್ಕೆ. ಬಿಸಿಯಲ್ಲಿ ಹೆಚ್ಚು ಅಣುಗಳು ಹಾರುತ್ತವೆ.

ನಾವು ಒಂದೇ ವಾಸನೆ ಎಂದುಕೊಳ್ಳುವುದು ಸಾಮಾನ್ಯವಾಗಿ ಹಲವು ಅಣುಗಳ ಮಿಶ್ರಣ. ಕಾಫಿಯ ಘಮದಲ್ಲಿ ನೂರಾರು ಬಗೆಯ ಅಣುಗಳಿವೆ. ಮಲ್ಲಿಗೆಯ ಪರಿಮಳದಲ್ಲಿ ಇಂಡೋಲ್ ಎಂಬ ವಸ್ತುವೂ ಸೇರಿದೆ. ಅದನ್ನೇ ಬೇರ್ಪಡಿಸಿ, ಗಾಢವಾಗಿ ಮೂಸಿದರೆ ಮಲದ ದುರ್ನಾತ! ಹೂವಿನಲ್ಲಿ ಅತ್ಯಲ್ಪ ಪ್ರಮಾಣದಲ್ಲಿ, ಇತರ ಅಣುಗಳ ಜೊತೆ ಬೆರೆತಿರುವುದರಿಂದ ಅದೇ ಮಲ್ಲಿಗೆಗೆ ಮಾದಕತೆ ಕೊಡುತ್ತದೆ. ಸುವಾಸನೆ, ದುರ್ವಾಸನೆಗಳ ನಡುವಿನ ಗೆರೆ ನಾವು ತಿಳಿದಷ್ಟು ದಪ್ಪವಲ್ಲ.

ಮೂಗಿನ ಮಾಳಿಗೆಯಲ್ಲಿ

ಹೊರಗೆ ಕಾಣುವ ಮೂಗು ಕೇವಲ ಹೆಬ್ಬಾಗಿಲು. ನಿಜವಾದ ಘ್ರಾಣೇಂದ್ರಿಯ ಇರುವುದು ಮೂಗಿನ ಕುಹರದ ತುತ್ತತುದಿಯಲ್ಲಿ, ಹೆಚ್ಚುಕಡಿಮೆ ಎರಡು ಕಣ್ಣುಗಳ ನಡುವಿನ ಮಟ್ಟದಲ್ಲಿ. ಒಂದೊಂದು ಪಕ್ಕದಲ್ಲೂ ಅಂಚೆಚೀಟಿಯಷ್ಟು ಜಾಗದಲ್ಲಿ ಹಳದಿ ಛಾಯೆಯ ತೆಳುವಾದ ಪೊರೆಯೊಂದಿದೆ. ಸಾಮಾನ್ಯವಾಗಿ ಉಸಿರಾಡುವಾಗ ಒಳಹೋದ ಗಾಳಿಯಲ್ಲಿ ಸ್ವಲ್ಪ ಭಾಗ ಮಾತ್ರ ಅಷ್ಟು ಎತ್ತರಕ್ಕೆ ಏರುತ್ತದೆ. ಏನಾದರೂ ವಾಸನೆ ಬಂದಂತಾದಾಗ ನಾವು ಅರಿವಿಲ್ಲದೆಯೇ ಸೊರಸೊರನೆ ಗಾಳಿ ಎಳೆದುಕೊಳ್ಳುತ್ತೇವಲ್ಲವೇ? ಗಾಳಿಯನ್ನು ಆ ಮಾಳಿಗೆಗೆ ತಲುಪಿಸುವ ಉಪಾಯ ಅದು.

ಆ ಪೊರೆಯಲ್ಲಿ ಸುಮಾರು 60 ಲಕ್ಷದಿಂದ ಒಂದು ಕೋಟಿ ಘ್ರಾಣ ನರಕೋಶಗಳಿವೆ ಎಂದು ಅಂದಾಜು. ಪ್ರತಿಯೊಂದರ ತುದಿಯಿಂದಲೂ ಕೂದಲಿಗಿಂತ ಎಷ್ಟೋ ತೆಳುವಾದ ರೋಮಕಗಳು ಹೊರಟು ಲೋಳೆಯಲ್ಲಿ ಮುಳುಗಿರುತ್ತವೆ. ಗಾಳಿಯಲ್ಲಿ ಬಂದ ಅಣುಗಳು ಮೊದಲು ಈ ಲೋಳೆಯಲ್ಲಿ ಕರಗಬೇಕು, ಆಮೇಲೆ ರೋಮಕಗಳನ್ನು ಮುಟ್ಟಬೇಕು. ಹಾಗಾಗಿ ಮೂಗು ತೀರಾ ಒಣಗಿದರೂ ವಾಸನೆ ಮಂದವಾಗುತ್ತದೆ, ಸಿಂಬಳ ಗಟ್ಟಿಯಾಗಿ ಕಟ್ಟಿಕೊಂಡರೂ ಮಂದವಾಗುತ್ತದೆ.

ಈ ನರಕೋಶಗಳ ವಿಶೇಷವೆಂದರೆ ಇವು ಹೊರಗಿನ ಗಾಳಿಗೆ ನೇರವಾಗಿ ತೆರೆದುಕೊಂಡಿವೆ. ಮಿದುಳಿನ ಇತರ ನರಕೋಶಗಳು ತಲೆಬುರುಡೆಯ ಕೋಟೆಯೊಳಗೆ ಭದ್ರವಾಗಿದ್ದರೆ, ಇವು ಧೂಳು, ಹೊಗೆ, ವೈರಾಣುಗಳಿಗೆ ಎದೆಯೊಡ್ಡಿ ನಿಂತ ಗಡಿಯ ಸೈನಿಕರು. ಸವೆದು ಸತ್ತ ಕೋಶಗಳ ಜಾಗದಲ್ಲಿ ತಳದಲ್ಲಿರುವ ಮೂಲ ಕೋಶಗಳಿಂದ ಹೊಸವು ಹುಟ್ಟಿಕೊಳ್ಳುತ್ತವೆ. ನರಕೋಶಗಳಿಗೆ ಇಂಥ ಮರುಹುಟ್ಟು ಅಪರೂಪ. ಕಳೆದುಹೋದ ವಾಸನಾಶಕ್ತಿ ಎಷ್ಟೋ ಜನರಲ್ಲಿ ಹಿಂತಿರುಗಲು ಇದೇ ಕಾರಣ.

ನಾನೂರು ಬೀಗ, ಅಸಂಖ್ಯ ವಾಸನೆ

ರೋಮಕಗಳ ಮೇಲೆ ಗ್ರಾಹಕಗಳೆಂಬ ಪ್ರೋಟೀನುಗಳಿವೆ. ಇವನ್ನು ಬೀಗಗಳೆಂದೂ ವಾಸನೆಯ ಅಣುಗಳನ್ನು ಕೀಲಿಗಳೆಂದೂ ತಿಳಿಯಬಹುದು. ಕೀಲಿ ಕೂತೊಡನೆ ಕೋಶದೊಳಗೆ ರಾಸಾಯನಿಕ ಸರಪಳಿ ಕ್ರಿಯೆ ಆರಂಭವಾಗಿ, ವಿದ್ಯುತ್ ಸಂಕೇತ ಹೊರಡುತ್ತದೆ. ಈ ಗ್ರಾಹಕಗಳ ವಂಶವಾಹಿಗಳನ್ನು ಅಮೆರಿಕದ ವಿಜ್ಞಾನಿಗಳಾದ ಲಿಂಡಾ ಬಕ್ ಮತ್ತು ರಿಚರ್ಡ್ ಆ್ಯಕ್ಸೆಲ್ 1991ರಲ್ಲಿ ಪತ್ತೆಹಚ್ಚಿದರು. ಅದಕ್ಕಾಗಿ 2004ರಲ್ಲಿ ಇಬ್ಬರಿಗೂ ವೈದ್ಯಕೀಯ ನೊಬೆಲ್ ಪ್ರಶಸ್ತಿ ಸಂದಿತು.

ಮನುಷ್ಯನಲ್ಲಿ ಕೆಲಸ ಮಾಡುವ ಗ್ರಾಹಕಗಳು ಸುಮಾರು 400 ಬಗೆ. ಒಂದು ನರಕೋಶದಲ್ಲಿ ಸಾಮಾನ್ಯವಾಗಿ ಒಂದೇ ಬಗೆಯ ಗ್ರಾಹಕ. ಹಾಗಿದ್ದರೆ ನಮಗೆ ತಿಳಿಯುವ ವಾಸನೆಗಳೂ 400 ಮಾತ್ರವೇ? ಅಲ್ಲ. ಇಲ್ಲಿ ಒಂದು ಕೀಲಿ ಹಲವು ಬೀಗಗಳಿಗೆ ಕೂರುತ್ತದೆ, ಒಂದು ಬೀಗ ಹಲವು ಕೀಲಿಗಳನ್ನು ಒಪ್ಪಿಕೊಳ್ಳುತ್ತದೆ. ಯಾವ ಯಾವ ಬೀಗಗಳು ಒಟ್ಟಿಗೆ ತೆರೆದವು ಎಂಬುದನ್ನು ನೋಡಿ ಮಿದುಳು ವಾಸನೆಯನ್ನು ಓದುತ್ತದೆ. ಕನ್ನಡದ ವರ್ಣಮಾಲೆಯಲ್ಲಿ ಇರುವುದು 49 ಅಕ್ಷರಗಳಾದರೂ ಅವುಗಳಿಂದ ಎಷ್ಟು ಪದಗಳನ್ನು ಕಟ್ಟಬಹುದೋ ಹಾಗೆ. ಹಳೆಯ ಪುಸ್ತಕಗಳಲ್ಲಿ ಮನುಷ್ಯ ಹತ್ತು ಸಾವಿರ ವಾಸನೆಗಳನ್ನು ಗುರುತಿಸಬಲ್ಲ ಎಂದು ಬರೆದಿರುತ್ತಿತ್ತು. 2014ರ ಅಧ್ಯಯನವೊಂದು ಅದನ್ನು ಒಂದು ಲಕ್ಷ ಕೋಟಿಗೂ ಹೆಚ್ಚು ಎಂದು ಲೆಕ್ಕ ಹಾಕಿತು. ಆ ಲೆಕ್ಕವನ್ನು ಬೇರೆ ವಿಜ್ಞಾನಿಗಳು ಒಪ್ಪಲಿಲ್ಲ. ಸಂಖ್ಯೆ ಏನೇ ಇರಲಿ, ಅದು ತುಂಬಾ ದೊಡ್ಡದು ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ.

ಎಲ್ಲರ ಬೀಗಗಳೂ ಒಂದೇ ರೀತಿ ಇರುವುದಿಲ್ಲ. ಒಂದೇ ಮನೆಯಲ್ಲಿ ಒಬ್ಬರಿಗೆ ಕೊತ್ತಂಬರಿ ಸೊಪ್ಪು ಪ್ರಾಣವಾದರೆ ಇನ್ನೊಬ್ಬರಿಗೆ ಅದು ಸಾಬೂನಿನ ವಾಸನೆ ಹೊಡೆಯುತ್ತದೆ. ಇದರಲ್ಲಿ ಒಂದು ಘ್ರಾಣ ಗ್ರಾಹಕದ ವಂಶವಾಹಿಯ ವ್ಯತ್ಯಾಸಕ್ಕೂ ಸ್ವಲ್ಪ ಪಾತ್ರವಿದೆ ಎಂದು 2012ರಲ್ಲಿ ತಿಳಿದುಬಂದಿದೆ. ಆದ್ದರಿಂದ ತಟ್ಟೆಯ ಬದಿಗೆ ಸೊಪ್ಪು ಎತ್ತಿಡುವ ಮಗುವನ್ನು ಗದರುವ ಮುನ್ನ ಯೋಚಿಸಿ.

ಜರಡಿ ದಾಟಿ ಮಿದುಳಿಗೆ

ನರಕೋಶಗಳ ಬಾಲಗಳು ಮೂಗಿನ ಚಾವಣಿಯಲ್ಲಿರುವ, ಜರಡಿಯಂತೆ ತೂತುತೂತಾದ ಮೂಳೆಯ ಮೂಲಕ ಮೇಲಕ್ಕೆ ನುಸುಳಿ ಮಿದುಳಿನ ಕೆಳಭಾಗದಲ್ಲಿರುವ ‘ಘ್ರಾಣ ಗೆಡ್ಡೆ’ಯನ್ನು ಸೇರುತ್ತವೆ. ಅಂಚೆ ಕಚೇರಿಯಲ್ಲಿ ಒಂದೇ ಊರಿನ ಕಾಗದಗಳನ್ನು ಒಂದೇ ಖಾನೆಗೆ ಹಾಕುವಂತೆ, ಒಂದೇ ಬಗೆಯ ಗ್ರಾಹಕವುಳ್ಳ ಕೋಶಗಳ ಸಂಕೇತಗಳೆಲ್ಲ ಇಲ್ಲಿ ಒಂದೇ ಗಂಟಿಗೆ ಬಂದು ಸೇರುತ್ತವೆ. ಅಲ್ಲಿಂದ ಸುದ್ದಿ ಮಿದುಳಿನ ಒಳಭಾಗಕ್ಕೆ ರವಾನೆಯಾಗುತ್ತದೆ.

ಇಲ್ಲೊಂದು ವಿಶೇಷವಿದೆ. ಕಣ್ಣು, ಕಿವಿ, ಚರ್ಮಗಳ ಸುದ್ದಿ ಥಲಾಮಸ್ ಎಂಬ ನಡುಮನೆಯನ್ನು ದಾಟಿಯೇ ಮುಂದೆ ಹೋಗಬೇಕು. ವಾಸನೆಗೆ ಆ ತಡೆಯಿಲ್ಲ. ಅದು ಭಾವನೆಗಳಿಗೆ ಸಂಬಂಧಿಸಿದ ಅಮಿಗ್ಡಲ ಎಂಬ ಭಾಗವನ್ನು ನೇರವಾಗಿ ಮುಟ್ಟುತ್ತದೆ. ನೆನಪುಗಳನ್ನು ಕಟ್ಟುವ ಹಿಪೊಕ್ಯಾಂಪಸ್ ಕೂಡ ಅಲ್ಲೇ ಪಕ್ಕದಲ್ಲಿದೆ. ಅಜ್ಜಿಯ ಟ್ರಂಕು ತೆರೆದಾಗ ಬರುವ ನುಸಿಗುಳಿಗೆ ಬೆರೆತ ರೇಷ್ಮೆಯ ವಾಸನೆ, ಶಾಲೆ ತೆರೆಯುವ ದಿನದ ಹೊಸ ಪುಸ್ತಕದ ವಾಸನೆ, ಹೆರಿಗೆ ಕೋಣೆಯ ಸಾಂಬ್ರಾಣಿ ಹೊಗೆ ಇವು ಒಂದೇ ಕ್ಷಣದಲ್ಲಿ ನಮ್ಮನ್ನು ನಲವತ್ತು ವರ್ಷ ಹಿಂದಕ್ಕೆ ಕರೆದೊಯ್ಯುವುದು ಇದರಿಂದಲೇ. ಹೆಸರು ನೆನಪಾಗುವ ಮೊದಲೇ ಮನಸ್ಸು ಕರಗಿರುತ್ತದೆ.

ಹುಟ್ಟಿದ ಕೂಸಿಗೂ ಈ ಶಕ್ತಿ ಇದೆ. ಕಣ್ಣು ಸರಿಯಾಗಿ ಕಾಣದ ಹಸುಗೂಸು ತಾಯಿಯ ಎದೆಯ ವಾಸನೆ ಹಿಡಿದು ಅತ್ತ ಮುಖ ತಿರುಗಿಸುತ್ತದೆ. ತಾಯಂದಿರಲ್ಲೂ ಹೆಚ್ಚಿನವರು ತಮ್ಮ ಮಗುವಿನ ಬಟ್ಟೆಯನ್ನು ವಾಸನೆಯಿಂದಲೇ ಗುರುತಿಸಬಲ್ಲರು.

ರುಚಿ ನಾಲಿಗೆಯದೋ, ಮೂಗಿನದೋ?

ಒಂದು ಸಣ್ಣ ಪರೀಕ್ಷೆಯನ್ನು ಮನೆಮಂದಿಯೆಲ್ಲ ಸೇರಿ ಮಾಡಿ ನೋಡಿ. ಮೂಗನ್ನು ಬೆರಳುಗಳಿಂದ ಗಟ್ಟಿಯಾಗಿ ಹಿಡಿದುಕೊಂಡು ನಾಲ್ಕು ಕಾಳು ಸೋಂಪು ಅಗಿಯಿರಿ. ಅಲ್ಪಸ್ವಲ್ಪ ಸಿಹಿ ಬಿಟ್ಟರೆ ಮತ್ತೇನೂ ತಿಳಿಯುವುದಿಲ್ಲ. ಈಗ ಮೂಗನ್ನು ಬಿಡಿ. ಸೋಂಪಿನ ‘ರುಚಿ’ ಒಮ್ಮೆಲೇ ಬಾಯಿ ತುಂಬುತ್ತದೆ. ಅದು ಬಂದದ್ದು ಬಾಯಿಯಿಂದಲ್ಲ. ಅಗಿದಾಗ ಎದ್ದ ಆವಿ ಗಂಟಲಿನ ಹಿಂಭಾಗದಿಂದ ಮೇಲೇರಿ, ಹಿಂಬಾಗಿಲಿನ ಮೂಲಕ ಮೂಗಿನ ಮಾಳಿಗೆಯನ್ನು ಮುಟ್ಟಿತು.

ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿ ಎಂಬ ಮಾಂಸರಸದಂಥ ರುಚಿ. ನಮ್ಮ ಷಡ್ರಸಗಳಲ್ಲಿ ಸೇರಿರುವ ಖಾರವನ್ನು ಇಂದಿನ ಶರೀರಶಾಸ್ತ್ರ ರುಚಿಗಳ ಪಟ್ಟಿಗೆ ಸೇರಿಸುವುದಿಲ್ಲ. ಅದು ಉರಿಯ ಅನುಭವ, ಅದನ್ನು ಒಯ್ಯುವ ಮುಖದ ನರವೇ ಬೇರೆ. ಒಗ್ಗರಣೆಯ ಮೆಣಸಿನಕಾಯಿ ಘಾಟು, ಅಮೋನಿಯಾದ ತೀಕ್ಷ್ಣತೆ, ಪುದೀನ ಹರಳಿನ ತಂಪು ಇವೆಲ್ಲ ಆ ನರಕ್ಕೆ ಸೇರಿದವು. ಹಾಗಾಗಿ ವಾಸನಾಶಕ್ತಿ ಪೂರ್ತಿ ಹೋದವರೂ ಮೆಣಸಿನಕಾಯಿ ಘಾಟಿಗೆ ಕೆಮ್ಮುತ್ತಾರೆ. ‘ಘಾಟು ಗೊತ್ತಾಗುತ್ತದೆ, ಮೂಗು ಚೆನ್ನಾಗಿದೆ’ ಎಂದು ಮೋಸಹೋಗಬಾರದು.

ನಾವು ಕಥೆಯ ಆರಂಭದಲ್ಲಿ ಕಂಡ ಅಜ್ಜಿಯ ಉಪ್ಪಿನ ಗುಟ್ಟು ಇಲ್ಲಿದೆ. ಇಂಗು, ಕರಿಬೇವು, ಕೊಬ್ಬರಿಗಳ ಘಮ ತಿಳಿಯದಾದಾಗ ಊಟ ಸಪ್ಪೆಯೆನಿಸುತ್ತದೆ. ನಾಲಿಗೆಗೆ ತಿಳಿಯುವ ಉಪ್ಪು, ಸಕ್ಕರೆಗಳನ್ನು ಕೈ ತಾನಾಗಿಯೇ ಹೆಚ್ಚು ಹಾಕುತ್ತದೆ. ರಕ್ತದೊತ್ತಡ, ಸಿಹಿಮೂತ್ರ ಇರುವವರಿಗೆ ಇದು ಅಪಾಯ. ಇನ್ನು ಕೆಲವರು ತಿನ್ನುವುದನ್ನೇ ಕಡಿಮೆ ಮಾಡಿ ಸೊರಗುತ್ತಾರೆ. ಹಳಸಿದ ಅನ್ನ, ಕೆಟ್ಟ ಹಾಲು ಗೊತ್ತಾಗದೆ ಹೊಟ್ಟೆ ಕೆಡಿಸಿಕೊಳ್ಳುವವರೂ ಉಂಟು. ತಮ್ಮ ಮೈವಾಸನೆ ತಮಗೇ ತಿಳಿಯದೆಂದು ನಾಲ್ಕು ಜನರ ನಡುವೆ ಹೋಗಲು ಅಂಜುವವರೂ ಇದ್ದಾರೆ. ಬಹುಕಾಲದ ವಾಸನಾನಷ್ಟ ಮನಸ್ಸನ್ನು ಖಿನ್ನತೆಗೆ ದೂಡಬಹುದು.

ನಮ್ಮ ಮೂಗು ಅಷ್ಟೇನೂ ಮೊಂಡಲ್ಲ

ನಾಯಿಯ ಮುಂದೆ ಮನುಷ್ಯನ ಮೂಗು ಲೆಕ್ಕಕ್ಕಿಲ್ಲ ಎಂಬ ಮಾತು 19ನೇ ಶತಮಾನದಿಂದ ಬಂದದ್ದು. ನಾಯಿ ನಮ್ಮನ್ನು ಮೀರಿಸುವುದು ನಿಜ. ಆಫ್ರಿಕದ ಆನೆಯಲ್ಲಂತೂ ಸುಮಾರು 2,000 ಬಗೆಯ ಗ್ರಾಹಕ ವಂಶವಾಹಿಗಳಿವೆ. ಆದರೆ ಅಮೆರಿಕದ ಬರ್ಕ್ಲಿಯಲ್ಲಿ ನಡೆದು, 2007ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಣ್ಣು, ಕಿವಿ ಕಟ್ಟಿದ ವಿದ್ಯಾರ್ಥಿಗಳು ಅಂಬೆಗಾಲಿಕ್ಕಿಕೊಂಡು ಹುಲ್ಲಿನ ಮೇಲಿನ ಚಾಕೊಲೇಟಿನ ಜಾಡನ್ನು ಮೂಸುತ್ತಾ ಹಿಂಬಾಲಿಸಿದರು. ಅಭ್ಯಾಸ ಮಾಡಿದಷ್ಟೂ ಅವರ ವೇಗ ಹೆಚ್ಚಿತು.

ಮೊದಲ ಮಳೆಯ ಮಣ್ಣಿನ ವಾಸನೆಯನ್ನೇ ತೆಗೆದುಕೊಳ್ಳಿ. ಮಣ್ಣಿನ ಸೂಕ್ಷ್ಮಜೀವಿಗಳು ತಯಾರಿಸುವ ಜಿಯೋಸ್ಮಿನ್ ಎಂಬ ವಸ್ತು ಆ ಕಂಪಿನ ಮುಖ್ಯ ಭಾಗ. ಲಕ್ಷ ಕೋಟಿ ಭಾಗಗಳಲ್ಲಿ ಕೆಲವೇ ಭಾಗಗಳಷ್ಟಿದ್ದರೂ ನಮ್ಮ ಮೂಗು ಅದನ್ನು ಹಿಡಿಯುತ್ತದೆ. 1964ರಲ್ಲಿ ಆಸ್ಟ್ರೇಲಿಯಾದ ಇಸಬೆಲ್ ಜಾಯ್ ಬೇರ್ ಮತ್ತು ರಿಚರ್ಡ್ ಥಾಮಸ್ ಈ ಮಳೆಯ ವಾಸನೆಗೆ ಪೆಟ್ರಿಕೋರ್ ಎಂದು ಹೆಸರಿಟ್ಟರು. ಉತ್ತರ ಪ್ರದೇಶದ ಅತ್ತರಿನವರಾದರೋ ಅದಕ್ಕೂ ಎಷ್ಟೋ ಮೊದಲೇ ಅದನ್ನು ಭಟ್ಟಿ ಇಳಿಸಿ ‘ಮಿಟ್ಟಿ ಅತ್ತರು’ ಮಾಡುತ್ತಿದ್ದರು. ಗಂಧವೇ ಪೃಥ್ವಿಯ ವಿಶೇಷ ಗುಣ ಎಂದು ನಮ್ಮ ನ್ಯಾಯ, ವೈಶೇಷಿಕ ದರ್ಶನಕಾರರು ಹೇಳಿದ್ದೂ ನೆನಪಾಗುತ್ತದೆ.

ರೋಗಕ್ಕೂ ವಾಸನೆಯುಂಟು. ಸಿಹಿಮೂತ್ರ ರೋಗ ವಿಕೋಪಕ್ಕೆ ಹೋದಾಗ ಉಸಿರಿನಲ್ಲಿ ಹಣ್ಣಿನಂಥ ವಾಸನೆ ಬರುವುದನ್ನು ಅನುಭವಿ ವೈದ್ಯರು ಗುರುತಿಸುತ್ತಾರೆ. ಸ್ಕಾಟ್ಲೆಂಡಿನ ಜಾಯ್ ಮಿಲ್ನ್ ಎಂಬ ನರ್ಸ್ ತಮ್ಮ ಗಂಡನ ಮೈವಾಸನೆ ಬದಲಾದದ್ದನ್ನು, ಅವರಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾಗುವುದಕ್ಕೆ ಹಲವು ವರ್ಷ ಮೊದಲೇ ಗಮನಿಸಿದ್ದರು. ಎಡಿನ್‌ಬರೊ ವಿಶ್ವವಿದ್ಯಾಲಯದ ವಿಜ್ಞಾನಿಗಳು ಹಲವರು ಧರಿಸಿದ ಅಂಗಿಗಳನ್ನು ಕೊಟ್ಟು ಪರೀಕ್ಷಿಸಿದಾಗ, ಕಾಯಿಲೆಯಿದ್ದ ಎಲ್ಲರನ್ನೂ ಅವರು ಗುರುತಿಸಿದರು. ಆರೋಗ್ಯವಂತರೆನಿಸಿದ್ದ ಒಬ್ಬರ ಅಂಗಿಗೂ ಅದೇ ವಾಸನೆಯಿದೆ ಎಂದರು. ತಿಂಗಳುಗಳ ಬಳಿಕ ಆ ವ್ಯಕ್ತಿಗೂ ಅದೇ ಕಾಯಿಲೆ ಇರುವುದು ಗೊತ್ತಾಯಿತು!

ಮೂಗು ಸೋಲುವ ಜಾಗಗಳು

ಹೂವಾಡಗಿತ್ತಿಗೆ ಸಂಜೆಯ ಹೊತ್ತಿಗೆ ಮಲ್ಲಿಗೆಯ ಪರಿಮಳ ತಿಳಿಯುವುದಿಲ್ಲ. ಒಂದೇ ವಾಸನೆ ಎಡೆಬಿಡದೆ ಬರುತ್ತಿದ್ದರೆ ಮೂಗೂ ಮಿದುಳೂ ಅದನ್ನು ಕಡೆಗಣಿಸುತ್ತವೆ. ಹೊಸ ಸುದ್ದಿಗೆ ಜಾಗ ಮಾಡಿಕೊಳ್ಳುವ ಏರ್ಪಾಡು ಇದು. ಆದರೆ ಇದೇ ಗುಣ ಪ್ರಾಣಕ್ಕೆ ಎರವಾಗಬಹುದು. ಅಡುಗೆ ಅನಿಲಕ್ಕೆ ತನ್ನದೇ ವಾಸನೆಯಿಲ್ಲ. ಸೋರಿಕೆ ತಿಳಿಯಲೆಂದೇ ಈಥೈಲ್ ಮರ್ಕ್ಯಾಪ್ಟನ್ ಎಂಬ ದುರ್ನಾತದ ವಸ್ತುವನ್ನು ಬೆರೆಸಿರುತ್ತಾರೆ. ಸಣ್ಣದಾಗಿ ಸೋರುತ್ತಿರುವ ಮನೆಯೊಳಗೇ ಇದ್ದವರಿಗೆ ಕೆಲಹೊತ್ತಿನಲ್ಲಿ ಅದೂ ತಿಳಿಯದಂತಾಗಬಹುದು. ‘ಆಗ ಬರುತ್ತಿತ್ತು, ಈಗ ಬರುತ್ತಿಲ್ಲ’ ಎಂದರೆ ಸೋರಿಕೆ ನಿಂತಿತು ಎಂದರ್ಥವಲ್ಲ.

ಮಲಗುಂಡಿ, ಒಳಚರಂಡಿಗಳಲ್ಲಿ ಸೇರುವ ಹೈಡ್ರೊಜನ್ ಸಲ್ಫೈಡ್ ಇನ್ನೂ ಮೋಸಗಾರ. ಅಲ್ಪ ಪ್ರಮಾಣದಲ್ಲಿ ಅದು ಕೊಳೆತ ಮೊಟ್ಟೆಯ ನಾತ. ಪ್ರಮಾಣ ಹೆಚ್ಚಾದಾಗ ಘ್ರಾಣಶಕ್ತಿಯನ್ನೇ ಮರಗಟ್ಟಿಸಿ, ವಾಸನೆಯೇ ಇಲ್ಲದಂತೆ ಮಾಡಿ ಕೊಲ್ಲುತ್ತದೆ. ಮೂಸಿ ನೋಡಿ ಗುಂಡಿಗೆ ಇಳಿಯುವುದು, ಬಿದ್ದವನನ್ನು ಎತ್ತಲು ಇನ್ನೊಬ್ಬ ಹಾಗೇ ಇಳಿಯುವುದು ಎರಡೂ ಸಾವಿನ ದಾರಿ. ಮನುಷ್ಯರನ್ನು ಹೀಗೆ ಇಳಿಸುವುದನ್ನು 2013ರ ಕಾಯಿದೆ ನಿಷೇಧಿಸಿದೆ. ಇನ್ನು ಇಂಗಾಲದ ಮಾನಾಕ್ಸೈಡಿಗೆ ವಾಸನೆಯೇ ಇಲ್ಲ. ಗಾಳಿಯಾಡದ ಬಚ್ಚಲುಮನೆಯಲ್ಲಿ ಗ್ಯಾಸ್ ಗೀಸರ್, ಮುಚ್ಚಿದ ಕೋಣೆಯಲ್ಲಿ ಕೆಂಡದ ಒಲೆ ಇಟ್ಟುಕೊಂಡರೆ ಎಂಥ ಚುರುಕಾದ ಮೂಗೂ ಕಾಪಾಡದು.

ಕಾರಣಗಳು ಹಲವು

ವಾಸನಾಶಕ್ತಿ ಕುಂದಲು ಇರುವ ಕಾರಣಗಳನ್ನು ಹೀಗೆ ವಿಂಗಡಿಸಬಹುದು.

ದಾರಿಗೆ ಅಡ್ಡಿ: ನೆಗಡಿ, ಅಲರ್ಜಿ, ಸೈನಸ್ ಸೋಂಕು, ಮೂಗಿನೊಳಗೆ ದ್ರಾಕ್ಷಿಯಂತೆ ಬೆಳೆಯುವ ಪಾಲಿಪ್ ಗಡ್ಡೆಗಳು. ಇವುಗಳಲ್ಲಿ ಗಾಳಿ ಮಾಳಿಗೆಯವರೆಗೆ ಏರುವುದೇ ಇಲ್ಲ. ಔಷಧ ಅಥವಾ ಶಸ್ತ್ರಚಿಕಿತ್ಸೆಯಿಂದ ಎಷ್ಟೋ ವೇಳೆ ಗುಣವಾಗುತ್ತದೆ. (ಎರಡು ಹೊಳ್ಳೆಗಳಲ್ಲಿ ಕೆಲವು ಗಂಟೆಗಳಿಗೊಮ್ಮೆ ಒಂದು ಬಿಗಿಯಾಗಿ ಇನ್ನೊಂದು ಸಡಿಲವಾಗುವುದು ಸಹಜ. ಅದು ರೋಗವಲ್ಲ.)

ಪೊರೆಗೆ ಪೆಟ್ಟು: ವೈರಾಣು ಸೋಂಕುಗಳು, ಧೂಮಪಾನ, ಕೆಲವು ರಾಸಾಯನಿಕಗಳು. ಕೋವಿಡ್ ಬಂದಾಗ ಇಡೀ ಜಗತ್ತಿಗೆ ಇದರ ಅರಿವಾಯಿತು. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯ 2020ರ ಜೂನ್‌ನಲ್ಲಿ ವಾಸನೆ, ರುಚಿ ಹೋಗುವುದನ್ನು ರೋಗಲಕ್ಷಣಗಳ ಪಟ್ಟಿಗೆ ಸೇರಿಸಿತು. ಆ ವೈರಾಣು ಮುಖ್ಯವಾಗಿ ದಾಳಿ ಮಾಡುವುದು ಘ್ರಾಣ ನರಕೋಶಗಳ ಮೇಲಲ್ಲ, ಅವಕ್ಕೆ ಆಸರೆಯಾದ ಪಕ್ಕದ ಕೋಶಗಳ ಮೇಲೆ. ಹಾಗಾಗಿ ಹೆಚ್ಚಿನವರು ಕೆಲವೇ ವಾರಗಳಲ್ಲಿ ಚೇತರಿಸಿಕೊಂಡರು. ಕೆಲವರಿಗೆ ಮಾತ್ರ ತಿಂಗಳುಗಟ್ಟಲೆ ಕಾಫಿ ಸುಟ್ಟ ರಬ್ಬರಿನಂತೆ, ಒಗ್ಗರಣೆ ಚರಂಡಿಯಂತೆ ನಾರಿತು. ಹೊಸ ನರಕೋಶಗಳ ತಂತಿಗಳು ಇನ್ನೂ ಸರಿಯಾಗಿ ಜೋಡಣೆಯಾಗದಿರುವುದು ಇದಕ್ಕೆ ಕಾರಣವಿರಬಹುದು. ಎಷ್ಟೋ ವೇಳೆ ಇದು ಚೇತರಿಕೆಯ ಹಂತ.

ನರಕ್ಕೆ ಪೆಟ್ಟು: ತಲೆಗೆ ಏಟು ಬಿದ್ದಾಗ ಮಿದುಳು ಅಲುಗಿ, ಜರಡಿ ಮೂಳೆಯಲ್ಲಿ ನುಸುಳಿರುವ ಎಳೆಗಳು ಕತ್ತರಿಸಿಹೋಗಬಹುದು. ಹೆಲ್ಮೆಟ್ ಧರಿಸಲು ಇದೂ ಒಂದು ಕಾರಣ.

ಮಿದುಳಿಗೆ ಸಂಬಂಧಿಸಿದವು: ಪಾರ್ಕಿನ್ಸನ್ ಮತ್ತು ಆಲ್ಜೈಮರ್ ಕಾಯಿಲೆಗಳಲ್ಲಿ ಕೈನಡುಕ, ಮರೆವು ಕಾಣಿಸಿಕೊಳ್ಳುವುದಕ್ಕೆ ವರ್ಷಗಳ ಮೊದಲೇ ವಾಸನೆ ಕುಂದಬಹುದು. ವಾಸನೆ ಹೋದವರಿಗೆಲ್ಲ ಈ ಕಾಯಿಲೆ ಬರುತ್ತದೆ ಎಂದಲ್ಲ, ಹೆದರಬೇಕಾಗಿಲ್ಲ. ಆದರೆ ವೈದ್ಯರಿಗೆ ತಿಳಿಸಲೇಬೇಕಾದ ಸಂಗತಿ ಇದು.

ವಯಸ್ಸು: ಅಮೆರಿಕದಲ್ಲಿ 1984ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ 65ರಿಂದ 80 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ, 80 ದಾಟಿದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಮಂದಿಗೆ ವಾಸನಾಶಕ್ತಿ ಗಣನೀಯವಾಗಿ ಕುಂದಿತ್ತು. ನಿಧಾನವಾಗಿ ಕುಂದುವುದರಿಂದ ಬಹಳ ಮಂದಿಗೆ ಅದರ ಅರಿವೇ ಇರುವುದಿಲ್ಲ.

ಮನೆಯಲ್ಲಿ ಏನು ಮಾಡಬಹುದು?

ಹಿರಿಯರಿದ್ದ ಮನೆಗಳಲ್ಲಿ ಆರು ತಿಂಗಳಿಗೊಮ್ಮೆ ಸುಲಭದ ಪರೀಕ್ಷೆ ಮಾಡಿ. ಕಣ್ಣು ಮುಚ್ಚಿಸಿ, ಒಂದೊಂದೇ ಹೊಳ್ಳೆಯಿಂದ ಕಾಫಿ ಪುಡಿ, ನಿಂಬೆಹಣ್ಣಿನ ಸಿಪ್ಪೆ, ಲವಂಗ, ಸಾಬೂನುಗಳನ್ನು ಮೂಸಿ ಹೇಳಲು ಕೊಡಿ. ಘಾಟಿನ ವಸ್ತುಗಳನ್ನು ಬಳಸಬೇಡಿ. ಎರಡು ಮೂರು ವಾರಗಳಾದರೂ ವಾಸನೆ ಹಿಂತಿರುಗದಿದ್ದರೆ ಕಿವಿ, ಮೂಗು, ಗಂಟಲಿನ ತಜ್ಞರನ್ನು ಕಾಣಿ. ತಲೆಗೆ ಏಟು ಬಿದ್ದ ಮೇಲೆ ವಾಸನೆ ಹೋದರೆ, ಒಂದೇ ಹೊಳ್ಳೆ ಸದಾ ಕಟ್ಟಿಕೊಂಡು ರಕ್ತ ಬರುತ್ತಿದ್ದರೆ ತಡಮಾಡಬೇಡಿ.

ಮಗುವಿನ ಒಂದೇ ಹೊಳ್ಳೆಯಿಂದ ದುರ್ನಾತದ ಸಿಂಬಳ ಸುರಿಯುತ್ತಿದ್ದರೆ, ಕಡಲೆ, ಮಣಿ, ಸ್ಪಂಜು ಏನನ್ನಾದರೂ ತುರುಕಿಕೊಂಡಿದೆಯೇ ಎಂದು ಶಂಕಿಸಿ. ಗುಂಡಿಯಾಕಾರದ ಪುಟ್ಟ ಬ್ಯಾಟರಿಯಾದರೆ ಕೆಲವೇ ಗಂಟೆಗಳಲ್ಲಿ ಒಳಭಾಗ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಿ. ಎಳೆಗೂಸುಗಳ ಮೂಗಿಗೆ ಎಣ್ಣೆ ಬಿಡುವ ಪದ್ಧತಿ ಬೇಡ. ಎಣ್ಣೆ ಶ್ವಾಸಕೋಶಕ್ಕಿಳಿದು ನ್ಯುಮೋನಿಯಾ ಆಗಬಹುದು. ದೊಡ್ಡವರು ಮೂಗು ಬಿಡಿಸುವ ಹನಿಗಳನ್ನು ವೈದ್ಯರ ಸಲಹೆಯಿಲ್ಲದೆ ದಿನಗಟ್ಟಲೆ ಹಾಕಿಕೊಂಡರೆ ಮೂಗು ಮತ್ತಷ್ಟು ಕಟ್ಟಿಕೊಳ್ಳುತ್ತದೆ. ಬೀಡಿ, ಸಿಗರೇಟು, ನಶ್ಯಗಳನ್ನು ಬಿಟ್ಟುಬಿಡಿ.

ಮೂಗಿಗೂ ವ್ಯಾಯಾಮವುಂಟು. ಜರ್ಮನಿಯ ಡ್ರೆಸ್ಡೆನ್ನಿನ ವೈದ್ಯ ಥಾಮಸ್ ಹುಮೆಲ್ ಮತ್ತು ಸಂಗಡಿಗರು 2009ರಲ್ಲಿ ಇದನ್ನು ಪ್ರಕಟಿಸಿದರು. ಗುಲಾಬಿ, ನಿಂಬೆ, ಲವಂಗ, ನೀಲಗಿರಿ ಈ ನಾಲ್ಕು ವಾಸನೆಗಳನ್ನು ಬೆಳಿಗ್ಗೆ ಒಮ್ಮೆ, ರಾತ್ರಿ ಒಮ್ಮೆ ಮೂಸಬೇಕು. ಒಂದೊಂದನ್ನೂ ಹದಿನೈದು ಇಪ್ಪತ್ತು ಸೆಕೆಂಡುಗಳ ಕಾಲ, ಅದರ ಹಿಂದಿನ ನೆನಪನ್ನು ಮನಸ್ಸಿಗೆ ತಂದುಕೊಳ್ಳುತ್ತಾ ನಿಧಾನವಾಗಿ ಮೂಸಬೇಕು. ಕನಿಷ್ಠ ಮೂರು ತಿಂಗಳು ಬಿಡದೆ ಮಾಡಬೇಕು. ಎಲ್ಲರಿಗೂ ಫಲ ಸಿಗುವುದೆಂದು ಹೇಳಲಾಗದು. ಆದರೆ ಖರ್ಚಿಲ್ಲದ, ಹಾನಿಯಿಲ್ಲದ ಉಪಾಯ. ಕಾರಣವೇನೆಂದು ವೈದ್ಯರು ಪರೀಕ್ಷಿಸಿದ ಮೇಲೆ ಆರಂಭಿಸುವುದು ಒಳ್ಳೆಯದು.

ಗ್ಯಾಸ್ ವಾಸನೆ ಬಂದರೆ

• ಬೆಂಕಿಕಡ್ಡಿ ಗೀರಬೇಡಿ. ದೀಪ, ಫ್ಯಾನು ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಲೂ ಬೇಡಿ.
• ಒಲೆಯ ತಿರುಗಣೆ, ಸಿಲಿಂಡರಿನ ರೆಗ್ಯುಲೇಟರು ಎರಡನ್ನೂ ಬಂದ್ ಮಾಡಿ.
• ಬಾಗಿಲು, ಕಿಟಕಿಗಳನ್ನು ತೆರೆಯಿರಿ. ಈ ಅನಿಲ ಗಾಳಿಗಿಂತ ಭಾರ, ನೆಲದ ಮಟ್ಟದಲ್ಲಿ ಹರಡಿರುತ್ತದೆ.
• ಎಲ್ಲರೂ ಹೊರಗೆ ಬಂದ ಮೇಲೆ, ಹೊರಗಿನಿಂದಲೇ 1906 ಸಂಖ್ಯೆಗೆ ದೂರವಾಣಿ ಮಾಡಿ.

ಆ ಅಜ್ಜಿಯ ವಿಷಯಕ್ಕೆ ಬರೋಣ. ತಜ್ಞರು ಪರೀಕ್ಷಿಸಿದಾಗ ಮೂಗಿನಲ್ಲಿ ಅಡ್ಡಿಯೇನೂ ಕಾಣಲಿಲ್ಲ. ವಯಸ್ಸಿನ ಜೊತೆಗೆ, 2021ರಲ್ಲಿ ಬಂದುಹೋದ ಕೋವಿಡ್ ಕೂಡ ತನ್ನ ಗುರುತು ಉಳಿಸಿದ್ದಿರಬೇಕು ಎಂದರು. ಈಗ ಅವರ ಅಡುಗೆಮನೆಯ ಗೋಡೆಯಲ್ಲಿ, ನೆಲದಿಂದ ಗೇಣು ಮೇಲೆ, ಅನಿಲ ಸೋರಿದರೆ ಕೂಗುವ ಯಂತ್ರವಿದೆ. ಉರಿ ಆರಿದರೆ ಅನಿಲವೂ ತಾನಾಗಿ ನಿಲ್ಲುವ ಒಲೆ ಬಂದಿದೆ. ಸಾರಿಗೆ ಉಪ್ಪು ಹಾಕುವುದು ಸೊಸೆಯ ಪಾಲಿಗೆ ಬಿದ್ದಿದೆ. ಹಾಲು, ಅನ್ನಗಳ ಪಾತ್ರೆಗಳನ್ನು ಮೂಸಿ ನೋಡುವುದು ಮೊಮ್ಮಗಳ ಕೆಲಸ.

ದಿನವೂ ಸಂಜೆ ಆ ಹುಡುಗಿ ನಾಲ್ಕು ಪುಟ್ಟ ಡಬ್ಬಿಗಳನ್ನು ಹಿಡಿದು ಅಜ್ಜಿಯ ಮುಂದೆ ಕೂರುತ್ತಾಳೆ. ಮೂರೂವರೆ ತಿಂಗಳಾದ ಮೇಲೆ ಒಂದು ದಿನ ಅಜ್ಜಿ ಒಂದು ಡಬ್ಬಿಯನ್ನು ಮೂಗಿನ ಹತ್ತಿರ ಬಹಳ ಹೊತ್ತು ಹಿಡಿದುಕೊಂಡು, ‘ಲವಂಗ ಅಲ್ಲವೇನೇ? ನಮ್ಮಮ್ಮ ಹಲ್ಲುನೋವಿಗೆ ಇಡುತ್ತಿದ್ದಳು’ ಎಂದರು. ಉಳಿದ ಮೂರು ಇನ್ನೂ ತಿಳಿಯುವುದಿಲ್ಲ. ಗ್ಯಾಸ್ ವಾಸನೆಯಂತೂ ತಿಳಿಯುವುದೇ ಇಲ್ಲ, ಆದ್ದರಿಂದ ಯಂತ್ರ ಅಲ್ಲೇ ಇರುತ್ತದೆ.

ನಿಮ್ಮ ಮನೆಯ ಹಿರಿಯರು ‘ಊಟ ರುಚಿಸುವುದಿಲ್ಲ’ ಎಂದಾಗ ಅಡುಗೆಯನ್ನು ದೂರುವ ಮುನ್ನ, ಅವರನ್ನು ದೂರುವ ಮುನ್ನ, ಒಂದು ಲವಂಗವನ್ನು ಅವರ ಕೈಯಲ್ಲಿಟ್ಟು ಕೇಳಿ ನೋಡಿ: ‘ವಾಸನೆ ತಿಳಿಯುತ್ತದೆಯೇ?’